ಮಳೆಹೊಂಡ ಮತ್ತು ಕಪ್ಪೆ: ಮುಚ್ಚುವ ಮೊದಲು, ಮೀನು ಬಿಡುವ ಮೊದಲು ಓದಿ

ಜೂನ್ ಬಂದರೆ ಸಾಕು, ಒಂದೇ ಪ್ರಶ್ನೆಯನ್ನು ಹಲವರು ಹಲವು ಥರ ಕೇಳುತ್ತಾರೆ. "ಮನೆ ಹಿಂದೆ ಪದವಿನಲ್ಲಿ ನೀರು ನಿಲ್ತದೆ, ರಾತ್ರಿಯಿಡೀ ಕಪ್ಪೆ ಕೂಗು. ಮಣ್ಣು ಹಾಕಿ ಮುಚ್ಚಿಸಲಾ?" "ಸೊಳ್ಳೆ ಆಗ್ತದೆ ಅಂತಾರೆ, ಮೀನು ಬಿಡಬಹುದಾ?" "ದೀಪಾವಳಿ ಕಳೆದರೆ ಒಣಗಿಹೋಗ್ತದೆ. ಜೆಸಿಬಿ ತರಿಸಿ ಸ್ವಲ್ಪ ಆಳ ಮಾಡಿದರೆ ವರ್ಷವಿಡೀ ನೀರು ಇರ್ತದಲ್ವಾ?"

ಮೂರಕ್ಕೂ ನನ್ನ ಉತ್ತರ ಬೇಡ ಎಂದೇ. ಆದರೆ ಬರೀ ಬೇಡ ಎಂದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಅದಕ್ಕೇ ಮಳೆಹೊಂಡವನ್ನು ಗುರುತಿಸುವುದು, ಅದರಲ್ಲಿ ಏನೇನಿದೆ ಎಂದು ತಿಳಿಯುವುದು, ಆಮೇಲೆ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಒಂದೊಂದಾಗಿ ಹೇಳುತ್ತೇನೆ. ಇಲ್ಲಿರುವುದು ಹೆಚ್ಚಾಗಿ ಕರಾವಳಿಯ ಮುರಕಲ್ಲು ಪದವುಗಳ ವಿಷಯ. ಪದವು ಎಂದರೆ ಗುಡ್ಡದ ನೆತ್ತಿಯ ಸಮತಟ್ಟು ಬಯಲು. ಮುರಕಲ್ಲಿಗೆ ಜಂಬಿಟ್ಟಿಗೆ ಎಂಬ ಹೆಸರೂ ಇದೆ. ಬಯಲುಸೀಮೆಯ ಬಂಡೆ ಮೇಲಿನ ಗುಂಡಿಗೂ ಇದೇ ಕ್ರಮ ನಡೆಯುತ್ತದೆ. ತಿಂಗಳುಗಳನ್ನು ಮಾತ್ರ ನಿಮ್ಮ ಊರಿನ ಮಳೆಗೆ ತಕ್ಕ ಹಾಗೆ ಬದಲಿಸಿಕೊಳ್ಳಿ.

ಒಣಗುವ ಹೊಂಡಕ್ಕೇ ಕಪ್ಪೆ ಯಾಕೆ ಬರುತ್ತದೆ?

ಇದೊಂದು ಅರ್ಥವಾದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ. ಲೋಳೆಯೊಳಗೆ ಸಾಸಿವೆ ಕಾಳಿನಂಥ ಒಂದು ಚುಕ್ಕಿ, ಅಷ್ಟೇ. ಮೀನಿಗೆ ಅದು ಸುಲಭದ ತುತ್ತು. ಮೊಟ್ಟೆಯೊಡೆದು ಬರುವ ಗೊದಮೊಟ್ಟೆಯೂ (ಬಾಲವಿರುವ ಕಪ್ಪೆಮರಿ) ಹಾಗೆಯೇ. ವರ್ಷವಿಡೀ ನೀರಿರುವ ಕೆರೆಯಲ್ಲಿ ಮೀನು ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುವ ಹೊಂಡದಲ್ಲಿ ಮೀನು ಉಳಿಯುವುದಿಲ್ಲ. ಎಷ್ಟೋ ಜಾತಿಯ ಕಪ್ಪೆಗಳು ಇಂಥ ಹೊಂಡವನ್ನೇ ಹುಡುಕಿಕೊಂಡು ಬರುವುದು ಅದಕ್ಕೇ. ಒಂದೇ ಷರತ್ತು: ನೀರು ಆರುವುದರೊಳಗೆ ಮರಿಗೆ ಕಾಲು ಮೂಡಿ, ಅದು ಹೊರಗೆ ಜಿಗಿಯಬೇಕು. ನೀರು ನಿಲ್ಲುವ ಈ ಅವಧಿಗೆ ತಜ್ಞರು ಹೈಡ್ರೊಪೀರಿಯಡ್ ಎನ್ನುತ್ತಾರೆ. ಹೊಂಡದ ಜಾತಕ ಎಂದರೆ ಅದೇ.

ಮಣಿಪಾಲದ ಸುತ್ತಿನ ಮುರಕಲ್ಲು ಬಯಲಲ್ಲಿ ಸಿಕ್ಕಿದ ಪುಟ್ಟ ಕಪ್ಪೆಯೊಂದಕ್ಕೆ ವಿಜ್ಞಾನಿಗಳು 2016ರಲ್ಲಿ ಮೈಕ್ರೊಹೈಲಾ ಲ್ಯಾಟರೈಟ್ ಎಂದು ಹೆಸರಿಟ್ಟರು. ಲ್ಯಾಟರೈಟ್ ಅಂದರೆ ನಮ್ಮ ಮುರಕಲ್ಲೇ. ಉದ್ದ 1.6 ಸೆಂಟಿಮೀಟರ್ ಆಸುಪಾಸು, ಹೆಬ್ಬೆರಳ ಉಗುರಿನಷ್ಟು. ಕೂಗು ಕೇಳಿದರೆ ಜೀರುಂಡೆ ಎಂದೇ ಅಂದುಕೊಳ್ಳುತ್ತೀರಿ. ಊರಿನ ಜನ ದಿನಾ ಓಡಾಡುವ ಜಾಗದಲ್ಲಿ, ಕಾಗದಪತ್ರದಲ್ಲಿ ಪಾಳುಭೂಮಿ ಎಂದು ಬರೆದ ನೆಲದಲ್ಲಿ, ಹೆಸರೇ ಇಲ್ಲದ ಒಂದು ಕಪ್ಪೆ ಅಷ್ಟು ವರ್ಷ ಕೂಗುತ್ತಲೇ ಇತ್ತು. ನಿಮ್ಮ ಹೊಂಡದಲ್ಲಿ ಏನೂ ಇಲ್ಲ ಎಂದು ಹೇಳುವ ಮೊದಲು ಇದು ನೆನಪಿರಲಿ.

ಏನೇನು ಬೇಕು?

ಹಣೆಗೆ ಕಟ್ಟುವ ಟಾರ್ಚ್, ಗಂಬೂಟು, ಸೆಂಟಿಮೀಟರ್ ಗುರುತು ಹಾಕಿದ ಒಂದು ಕೋಲು, ಬಿಳಿ ಬಣ್ಣದ ಅಗಲ ತಟ್ಟೆ, ಒಂದು ಸೌಟು, ನೋಟ್‌ಬುಕ್, ಫೋನ್. ಜೊತೆಗೆ ಒಬ್ಬರು ಬೇಕೇ ಬೇಕು. ರಾತ್ರಿ ಒಬ್ಬರೇ ಹೋಗಬೇಡಿ.

1. ಬೇಸಿಗೆಯಲ್ಲೇ ಹೊಂಡ ಗುರುತು ಮಾಡಿ

ಏಪ್ರಿಲ್‌ನಲ್ಲಿ ಹೋಗಿ ನೋಡಿ. ನೀರು ನಿಂತ ಜಾಗ ಸುಳ್ಳು ಹೇಳುವುದಿಲ್ಲ. ತಗ್ಗಿನಲ್ಲಿ ಸಣ್ಣ ಕೆಸರು ಬಿರುಕು ಬಿಟ್ಟಿರುತ್ತದೆ. ಒಣಗಿದ ಪಾಚಿ ಹಪ್ಪಳದ ಹಾಗೆ ಎದ್ದು ಬಂದಿರುತ್ತದೆ. ಅಂಚಿನಲ್ಲಿ ಹುಲ್ಲಿನ ಜಾತಿಯೇ ಬದಲಾಗಿ ಒಂದು ಗೆರೆ ಕಾಣುತ್ತದೆ. ಯಾವುದಾದರೂ ಮರ ಅಥವಾ ದೊಡ್ಡ ಕಲ್ಲಿನ ಪಕ್ಕ ನಿಂತು ಫೋಟೊ ತೆಗೆಯಿರಿ. ಮಳೆಗಾಲದಲ್ಲೂ ಅಲ್ಲೇ ನಿಂತು ತೆಗೆಯಬೇಕು. ಫೋನಿನ ಮ್ಯಾಪಿನಲ್ಲಿ ಜಾಗ ಗುರುತು ಮಾಡಿಟ್ಟುಕೊಳ್ಳಿ.

ಇಲ್ಲಿ ತಪ್ಪುವುದು ಎಲ್ಲಿ ಎಂದರೆ, ಬಿಟ್ಟ ಕಲ್ಲುಕೋರೆಯನ್ನು ಮಳೆಹೊಂಡ ಅಂದುಕೊಳ್ಳುತ್ತಾರೆ. ಕೋರೆಯ ಗೋಡೆ ನೇರ, ನೀರು ಆಳ. ಮಳೆಗಾಲದಲ್ಲಿ ಅಂಥ ಗುಂಡಿಗೆ ಬಿದ್ದು ಮಕ್ಕಳು ಸತ್ತ ಸುದ್ದಿ ನೀವೂ ಓದಿರುತ್ತೀರಿ. ಅದರ ಅಂಚಿಗೆ ಹೋಗಲೇಬೇಡಿ. ನಾವು ಹುಡುಕುವ ಹೊಂಡ ಹೆಚ್ಚೆಂದರೆ ಮೊಣಕಾಲುದ್ದ ಇರುತ್ತದೆ, ಅಂಚು ಇಳಿಜಾರಾಗಿರುತ್ತದೆ.

2. ನೀರಿನ ದಿನಚರಿ ಬರೆಯಿರಿ

ಮುರಕಲ್ಲಿಗೆ ಗೂಟ ಹೊಡೆಯಲು ಆಗುವುದಿಲ್ಲ. ಆದ್ದರಿಂದ ಹೊಂಡದ ನಡುವಿನ ಒಂದು ಕಲ್ಲನ್ನು ಗುರುತಿಟ್ಟುಕೊಂಡು, ಪ್ರತಿ ಭಾನುವಾರ ಅದರ ಪಕ್ಕದಲ್ಲೇ ಕೋಲು ಇಳಿಸಿ ಆಳ ನೋಡಿ. ಉದ್ದ ಅಗಲವನ್ನು ಹೆಜ್ಜೆಯಲ್ಲಿ ಎಣಿಸಿದರೆ ಸಾಕು. ಎರಡು ತಾರೀಕು ಮಾತ್ರ ತಪ್ಪಬಾರದು: ನೀರು ಮೊದಲು ನಿಂತ ದಿನ, ಪೂರ್ತಿ ಆರಿದ ದಿನ. ಉಡುಪಿ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿದರೂ, ಮಳೆ ನಿಂತ ಮೇಲೆ ಪದವು ಬೇಗ ಒಣಗುತ್ತದೆ. ಪಕ್ಕ ಪಕ್ಕದ ಎರಡು ಹೊಂಡಗಳಲ್ಲಿ ಒಂದು ಸೆಪ್ಟೆಂಬರಿಗೆ ಆರಬಹುದು, ಇನ್ನೊಂದು ನವೆಂಬರ್ ತನಕ ಇರಬಹುದು. ಎರಡರಲ್ಲೂ ಬೆಳೆಯುವ ಕಪ್ಪೆ ಬೇರೆ ಬೇರೆ ಇರಲು ಸಾಧ್ಯ.

ಒಂದೇ ವರ್ಷದ ಲೆಕ್ಕ ನೋಡಿ ತೀರ್ಮಾನ ಮಾಡಬೇಡಿ. ಮಳೆ ಕೈಕೊಟ್ಟ ವರ್ಷವೂ ಹೊಂಡದ ಕಥೆಯಲ್ಲಿ ಸೇರಿದೆ. ಕನಿಷ್ಠ ಮೂರು ಮಳೆಗಾಲ ಬರೆಯಿರಿ.

3. ರಾತ್ರಿ ಹೋಗಿ ಕೇಳಿ

ಜೂನ್ ಮೊದಲ ವಾರ ಮುಗಿದು ಮೃಗಶಿರಾ ಮಳೆ ಹಿಡಿದರೆ ತಡ ಮಾಡಬೇಡಿ. ಮೊದಲ ದೊಡ್ಡ ಮಳೆ ಬಿದ್ದ ರಾತ್ರಿಯೇ ಹೋಗಿ. ಗೋಂಕುರು ಕಪ್ಪೆಯ ಜಾತ್ರೆ ಒಂದೆರಡು ದಿನದಲ್ಲಿ ಮುಗಿದುಬಿಡುತ್ತದೆ. ಬೇರೆ ದಿನ ಮಣ್ಣಿನ ಬಣ್ಣದ ಆ ಗಂಡು ಕಪ್ಪೆ ಅವತ್ತು ನಿಂಬೆಹಣ್ಣಿನ ಹಳದಿ ಆಗಿರುತ್ತದೆ. ಕೂಗುವಾಗ ಗಂಟಲಿನ ಎರಡೂ ಬದಿ ಕಡುನೀಲಿ ಬುಗ್ಗೆಗಳು ಉಬ್ಬುತ್ತವೆ. ಕೆಂಪು ನೀರಿನಲ್ಲಿ ಹತ್ತಾರು ಹಳದಿ ಮೈಗಳು ಒಂದರ ಮೇಲೊಂದು ನುಗ್ಗುವುದನ್ನು ಒಮ್ಮೆ ನೋಡಿದವರು ಆ ಹೊಂಡಕ್ಕೆ ಮಣ್ಣು ಹಾಕಿಸಲಾರರು ಎಂದು ನಾನು ನಂಬುತ್ತೇನೆ.

ಆಮೇಲೆ ಹದಿನೈದು ದಿನಕ್ಕೊಮ್ಮೆ ಹೋದರೆ ಸಾಕು. ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆ ನಕ್ಷತ್ರದ ಲೆಕ್ಕ ಹಿಡಿದರೆ ಮರೆತುಹೋಗುವುದಿಲ್ಲ. ಕ್ರಮ ಹೀಗೆ: ಸಂಜೆ ಏಳರಿಂದ ಹತ್ತರೊಳಗೆ ಹೋಗಿ. ಹತ್ತು ಹದಿನೈದು ಅಡಿ ದೂರದಲ್ಲಿ ಟಾರ್ಚ್ ಆರಿಸಿ ಐದು ನಿಮಿಷ ಸುಮ್ನೆ ನಿಲ್ಲಿ. ನಿಮ್ಮ ಹೆಜ್ಜೆ ಸದ್ದಿಗೆ ನಿಂತ ಕೂಗು ಮತ್ತೆ ಶುರುವಾಗುತ್ತದೆ. ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ದೀಪ ಹಾಕಿ ನೋಡಿ. ನೆಲಗಪ್ಪೆಯದ್ದು ಎಳೆದು ಬಿಡುವ ಕುರ್ರ್ ಸದ್ದು. ಗಿಡದ ಮೇಲೋ ಗೋಡೆ ಮೇಲೋ ಕೂತ ಮರಗಪ್ಪೆ ಬಾಗಿಲು ತಟ್ಟಿದ ಹಾಗೆ ಟಕ್ ಟಕ್ ಎನ್ನುತ್ತದೆ. ಹೆಸರು ಗೊತ್ತಾಗದಿದ್ದರೆ ಚಿಂತೆ ಬೇಡ. ಫೋಟೊ ಮತ್ತು ಸದ್ದನ್ನು ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ತಿಳಿದವರು ಹೇಳುತ್ತಾರೆ.

ಎಚ್ಚರಿಕೆ ಕೆಲವು ಇವೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಗುಡುಗು ಇದ್ದರೆ ಪದವಿಗೆ ಹೋಗಲೇಬೇಡಿ. ಬಯಲಲ್ಲಿ ಎತ್ತರಕ್ಕೆ ಇರುವುದು ನೀವೊಬ್ಬರೇ. ಕಾಲಲ್ಲಿ ಗಾಯ ಇದ್ದರೆ ನೀರಿಗೆ ಇಳಿಯಬೇಡಿ, ಇಲಿಜ್ವರ ಮಳೆಗಾಲದ ನೀರಿನಿಂದಲೇ ಬರುವುದು. ಕಪ್ಪೆ ಇದ್ದಲ್ಲಿ ಹಾವೂ ಬರುತ್ತದೆ, ಆದ್ದರಿಂದ ದೀಪ ಹಾಕದೆ ಹೆಜ್ಜೆ ಇಡಬೇಡಿ. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಕಪ್ಪೆ ಮುಟ್ಟಬೇಡಿ. ಅದು ಚರ್ಮದಿಂದಲೂ ಉಸಿರಾಡುತ್ತದೆ, ಹಚ್ಚಿದ್ದೆಲ್ಲ ಒಳಗೆ ಹೋಗುತ್ತದೆ. ಗೋಂಕುರು ಕಪ್ಪೆ ಕಂಡ ಜಾಗವನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಕಪ್ಪೆಕಾಲಿನ ರಫ್ತನ್ನು ಭಾರತ 1987ರಲ್ಲೇ ನಿಲ್ಲಿಸಿದರೂ, ಮೊದಲ ಮಳೆಗೆ ಚೀಲ ಹಿಡಿದು ಬರುವವರು ಇನ್ನೂ ಇದ್ದಾರೆ. ಐನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ, ಬಳಸಿ.

4. ಹಗಲಲ್ಲಿ ಮೊಟ್ಟೆ ಮತ್ತು ಗೊದಮೊಟ್ಟೆ ನೋಡಿ

ಕೂಗು ಕೇಳಿದರೆ ಕಪ್ಪೆ ಬಂದಿದೆ ಎಂದಷ್ಟೇ ಅರ್ಥ. ಆ ಹೊಂಡದಲ್ಲಿ ಸಂತಾನ ಆಗುತ್ತಿದೆ ಎನ್ನುವುದಕ್ಕೆ ಮೊಟ್ಟೆ, ಗೊದಮೊಟ್ಟೆಯೇ ಸಾಕ್ಷಿ. ಮಳೆ ಬಿಟ್ಟ ಬೆಳಗ್ಗೆ ಹೋಗಿ.

ನೆಲಗಪ್ಪೆಯ ಮೊಟ್ಟೆ ಉದ್ದದ ಲೋಳೆ ದಾರ, ಒಳಗೆ ಕರಿಮಣಿ ಪೋಣಿಸಿದ ಹಾಗೆ. ಹುಲ್ಲಿನ ಬುಡಕ್ಕೆ ಸುತ್ತಿಕೊಂಡಿರುತ್ತದೆ. ಅದರ ಗೊದಮೊಟ್ಟೆ ಚಿಕ್ಕದು, ಕಡುಗಪ್ಪು. ಇರುವೆ ಸಾಲಿನಂತೆ ಗುಂಪು ಗುಂಪಾಗಿ ಅಂಚಿನಲ್ಲೇ ತಿರುಗುತ್ತದೆ. ಮೈಕ್ರೊಹೈಲಾ ಗುಂಪಿನ ಪುಟ್ಟ ಕಪ್ಪೆಗಳ ಮೊಟ್ಟೆ ನೀರಿನ ಮೇಲೆ ಒಂದೇ ಪದರವಾಗಿ ಹರಡಿ ತೇಲುತ್ತದೆ, ಸಬ್ಬಕ್ಕಿ ಚೆಲ್ಲಿದ ಹಾಗೆ. ನೀರಿನ ಮೇಲೆ, ಎಲೆಗೋ ಗೋಡೆಗೋ ಅಂಟಿದ ಬಿಳಿ ನೊರೆ ಕಂಡರೆ ಅದು ಮರಗಪ್ಪೆಯ ಗೂಡು. ಸಾಬೂನಿನ ನೊರೆ ಎಂದು ಪೈಪ್ ಹಿಡಿದು ತೊಳೆದುಬಿಡುತ್ತಾರೆ. ಬಿಡಿ ಅದನ್ನು. ಒಳಗೆ ಮೊಟ್ಟೆ ಒಡೆದ ಮೇಲೆ ಗೊದಮೊಟ್ಟೆಗಳು ನೊರೆಯಿಂದ ಜಾರಿ ನೇರ ನೀರಿಗೆ ಬೀಳುತ್ತವೆ.

ಹತ್ತಿರದಿಂದ ನೋಡಬೇಕಾದರೆ ಬಿಳಿ ತಟ್ಟೆಗೆ ಹೊಂಡದ ನೀರನ್ನೇ ತುಂಬಿ, ಸೌಟಿನಲ್ಲಿ ಒಂದೆರಡು ಗೊದಮೊಟ್ಟೆ ಮಾತ್ರ ಎತ್ತಿ ಬಿಡಿ. ನೆರಳಲ್ಲಿ ಇಡಿ. ಮೈಕ್ರೊಹೈಲಾದ್ದಾದರೆ ಮೊದಲು ನಿಮಗೆ ಎರಡು ಕಣ್ಣು ಮಾತ್ರ ಕಾಣುತ್ತದೆ. ಮೈ ಗಾಜಿನ ಹಾಗೆ. ಸ್ವಲ್ಪ ಹೊತ್ತು ನೋಡಿದರೆ ನಡುವೆ ಸುರುಳಿ ಸುತ್ತಿದ ಕರುಳು, ತುದಿಯಲ್ಲಿ ಸದಾ ನಡುಗುವ ಬಾಲ. ಅದು ತಳಕ್ಕೆ ಹೋಗುವುದಿಲ್ಲ, ನಡುನೀರಿನಲ್ಲಿ ತೂಗು ಹಾಕಿದಂತೆ ನಿಂತಿರುತ್ತದೆ. ಎರಡು ನಿಮಿಷ ನೋಡಿ ಎತ್ತಿದಲ್ಲೇ ಬಿಡಿ. ಗೋಂಕುರು ಕಪ್ಪೆಯ ಗೊದಮೊಟ್ಟೆಯನ್ನು ಬೇರೆಯವುಗಳ ಜೊತೆ ಒಂದೇ ತಟ್ಟೆಗೆ ಹಾಕಬೇಡಿ. ಅದು ಉಳಿದವನ್ನು ತಿನ್ನುತ್ತದೆ.

ಮನೆಗೆ ತಂದು ಬಾಟಲಿಯಲ್ಲಿ ಸಾಕುವುದು, ಇನ್ನೊಂದು ಕೆರೆಗೆ ಬಿಡುವುದು ಬೇಡ. ಅಂಡಮಾನ್ ದ್ವೀಪಗಳಲ್ಲಿ ನಮ್ಮ ಗೋಂಕುರು ಕಪ್ಪೆ ಹೊರಗಿನಿಂದ ಹೋಗಿ ಸೇರಿಕೊಂಡು, ಈಗ ಅಲ್ಲಿನ ಜೀವಿಗಳಿಗೆ ಕಂಟಕವಾಗಿದೆ. ರೋಗವೂ ಹೀಗೇ ಹರಡುವುದು. ಕೈಟ್ರಿಡ್ ಎಂಬ ಶಿಲೀಂಧ್ರ, ಅಂದರೆ ಕಪ್ಪೆಯ ಚರ್ಮಕ್ಕೆ ಹತ್ತುವ ಒಂದು ಬಗೆಯ ಬೂಷ್ಟು, ಜಗತ್ತಿನ ಹಲವು ಕಡೆ ಕಪ್ಪೆಗಳನ್ನು ಅಳಿಸಿಹಾಕಿದೆ. ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಗಂಬೂಟು, ತಟ್ಟೆ, ಸೌಟು ತೊಳೆದು ಪೂರ್ತಿ ಒಣಗಿಸಿ.

5. ಸೊಳ್ಳೆಯ ಪ್ರಶ್ನೆ

ಜಾಸ್ತಿ ಹೊಂಡಗಳು ಮುಚ್ಚಿಹೋಗುವುದು ಈ ಭಯಕ್ಕೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಳೆಹೊಂಡದಲ್ಲಿ ಸೊಳ್ಳೆ ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಕಪ್ಪೆ ಎಲ್ಲ ಸೊಳ್ಳೆ ತಿಂದುಬಿಡುತ್ತದೆ ಎನ್ನುವುದೂ ಉತ್ಪ್ರೇಕ್ಷೆ. ಹೆಚ್ಚಿನ ಗೊದಮೊಟ್ಟೆಗಳು ತಿನ್ನುವುದು ಪಾಚಿಯನ್ನು. ಆದರೆ ಆರೋಗ್ಯವಾಗಿರುವ ಹೊಂಡದಲ್ಲಿ ಸೊಳ್ಳೆ ಮರಿಗೆ ಬೇರೆ ಶತ್ರುಗಳಿದ್ದಾರೆ: ನೀರು ಜೀರುಂಡೆಗಳು, ಅಂಗಾತ ಈಜುವ ನೀರುತಿಗಣೆಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು. ಸಮುದ್ರ ದಾಟಿ ಆಫ್ರಿಕಾ ತನಕ ಹೋಗುವ ಏರೋಪ್ಲೇನ್ ಚಿಟ್ಟೆ ಪ್ಯಾಂಟಾಲಾ ಮೊಟ್ಟೆ ಇಡುವುದು ಇಂಥ ಮಳೆನೀರಿನಲ್ಲೇ. ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ತನಕ ಏಳರಿಂದ ಹತ್ತು ದಿನ ಬೇಕು. ಅಷ್ಟು ದಿನ ಈ ಬೇಟೆಗಾರರ ನಡುವೆ ಉಳಿಯಬೇಕು.

ಊಹೆ ಬೇಡ, ಪರೀಕ್ಷೆ ಮಾಡಿ. ಸೌಟಿನಲ್ಲಿ ಹೊಂಡದ ಹತ್ತು ಕಡೆ ನೀರು ಎತ್ತಿ ಬಿಳಿ ತಟ್ಟೆಗೆ ಸುರಿದು, ಕುಪ್ಪಳಿಸುವ ಸೊಳ್ಳೆ ಮರಿ ಎಷ್ಟಿವೆ ಎಣಿಸಿ. ಹಾಗೆಯೇ ಮನೆ ಸುತ್ತ ನೋಡಿ: ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಹಳೆ ಟಯರ್, ಮುಚ್ಚಳ ಇಲ್ಲದ ಡ್ರಮ್. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಡುಕುವುದು ಇಂಥದ್ದನ್ನೇ, ಪದವಿನ ಹೊಂಡವನ್ನಲ್ಲ. ಎರಡೂ ಲೆಕ್ಕವನ್ನು ಪಕ್ಕ ಪಕ್ಕ ಬರೆದು ಆಶಾ ಕಾರ್ಯಕರ್ತೆಗೆ ತೋರಿಸಿ. ಎಲ್ಲಿ ಕೆಲಸ ಆಗಬೇಕು ಎಂದು ಅವರಿಗೂ ಸ್ಪಷ್ಟವಾಗುತ್ತದೆ.

ಮೀನು ಮಾತ್ರ ಬಿಡಬೇಡಿ. ಸೊಳ್ಳೆ ಮರಿ ತಿನ್ನಲಿ ಎಂದು ಹಂಚುವುದು ಗಾಂಬೂಸಿಯಾ ಅಥವಾ ಗಪ್ಪಿ. ಗಾಂಬೂಸಿಯಾ 1928ರಲ್ಲಿ ಹೊರದೇಶದಿಂದ ಇಲ್ಲಿಗೆ ಬಂದ ಮೀನು. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಅದಕ್ಕೆ ಸೊಳ್ಳೆ ಮರಿಯೂ ಒಂದೇ, ಕಪ್ಪೆ ಮೊಟ್ಟೆಯೂ ಒಂದೇ. ಸೊಳ್ಳೆಯ ಇತರ ಶತ್ರುಗಳನ್ನೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಹೇಗೂ ಸಾಯುತ್ತದೆ ಅಂದುಕೊಳ್ಳಬೇಡಿ. ದೊಡ್ಡ ಮಳೆಗೆ ಹೊಂಡ ತುಂಬಿ ಹರಿದಾಗ ತೋಡಿಗೆ, ಅಲ್ಲಿಂದ ಗದ್ದೆಗೆ ಇಳಿಯುತ್ತದೆ. ಮನೆಯ ಸಿಮೆಂಟ್ ತೊಟ್ಟಿಗೆ ಬಿಟ್ಟುಕೊಳ್ಳುವುದಾದರೂ, ಆ ನೀರು ಹೊರಗೆ ಹರಿಯದಂತೆ ನೋಡಿಕೊಳ್ಳಿ.

6. ಸುತ್ತಲಿನ ನೆಲವೂ ಹೊಂಡದ್ದೇ

ಕಪ್ಪೆ ನೀರಿನಲ್ಲಿ ಇರುವುದು ಕೆಲವೇ ವಾರ. ಉಳಿದ ತಿಂಗಳು ಕಲ್ಲಿನ ಸಂದಿ, ಮಣ್ಣಿನ ಬಿಲ, ತರಗೆಲೆಯ ಅಡಿ. ಹೊಂಡ ಉಳಿಸಿ ಸುತ್ತ ಇಂಟರ್‌ಲಾಕ್ ಹಾಸಿದರೆ ಏನೂ ಉಳಿಸಿದ ಹಾಗಾಗಲಿಲ್ಲ. ಬೇಸಿಗೆಯಲ್ಲಿ ಪದವಿನ ಹುಲ್ಲಿಗೆ ಬೆಂಕಿ ಹಾಕಬೇಡಿ. ಒಣಗಿದ ಹೊಂಡದ ಮೇಲೆ ಟಿಪ್ಪರ್ ಓಡಲು ಬಿಡಬೇಡಿ. ಕಾಣುವುದು ಬರೀ ಒಣ ಕೆಸರು, ಆದರೆ ಅದರಲ್ಲಿ ನೀರಿನ ಪುಟ್ಟ ಜೀವಿಗಳ ಮೊಟ್ಟೆಗಳು ಮುಂದಿನ ಮಳೆಗೆ ಕಾಯುತ್ತಿರುತ್ತವೆ.

ತೋಟ ಇರುವವರಿಗೆ ಒಂದು ವಿಶೇಷ ಮಾತು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವುದನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ಆದರೆ ಆ ಮದ್ದಾದ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತು, ಅಂದರೆ ತಾಮ್ರ. ಗೊದಮೊಟ್ಟೆಗೆ ಅದು ವಿಷ. ಡ್ರಮ್ ಮತ್ತು ಪೈಪನ್ನು ಹೊಂಡದಲ್ಲಾಗಲಿ, ಅದಕ್ಕೆ ನೀರು ಹರಿದು ಬರುವ ಕಡೆಯಾಗಲಿ ತೊಳೆಯಬೇಡಿ. ಹೊಂಡದ ಸುತ್ತ ಹುಲ್ಲಿಗೆ ಕಳೆನಾಶಕ ಹೊಡೆಯಬೇಡಿ, ಕತ್ತಿಯಲ್ಲಿ ಸವರಿದರೆ ಸಾಕು. ನೇರ ಗೋಡೆಯ ನೀರಿನ ತೊಟ್ಟಿ ಇದ್ದರೆ ಒಂದು ಹಲಗೆ ಓರೆಯಾಗಿ ಇಳಿಬಿಡಿ. ಬಿದ್ದ ಮರಿಗಪ್ಪೆ ಹತ್ತಿ ಬರುತ್ತದೆ.

7. ನೀರು ಇಳಿಯುವಾಗ ಕೈ ಹಾಕಬೇಡಿ

ತುಂಬಾ ಕಷ್ಟದ ಹಂತ ಇದು. ಮಳೆ ಹತ್ತು ದಿನ ಬಿಡುವು ಕೊಡುತ್ತದೆ. ಹೊಂಡ ಕುಗ್ಗಿ, ಎಮ್ಮೆಯ ಗೊರಸು ಊರಿದ ಗುಳಿಯಲ್ಲಿ ಅಂಗೈಯಷ್ಟು ನೀರು ಉಳಿದು, ಅದರಲ್ಲಿ ನೂರು ಗೊದಮೊಟ್ಟೆ ಒದ್ದಾಡುತ್ತಿರುತ್ತವೆ. ನಾನೂ ಕೊಡಪಾನ ಹಿಡಿದು ಅಂಚಿನಲ್ಲಿ ನಿಂತವಳೇ. ಹೊಟ್ಟೆ ಚುರ್ ಎನ್ನುತ್ತದೆ. ಆದರೂ ನಲ್ಲಿ ನೀರು ಸುರಿಯಬೇಡಿ, ಅದರ ಕ್ಲೋರಿನ್ ಅವುಗಳಿಗೆ ಆಗುವುದಿಲ್ಲ. ನೀರು ಕುಗ್ಗುವುದು ಎಷ್ಟೋ ಜಾತಿಗಳಿಗೆ ಒಂದು ಸೂಚನೆ: ಬೇಗ ಕಾಲು ಮೂಡಿಸಿಕೊಂಡು, ಸಣ್ಣ ಮೈಯಲ್ಲೇ ಹೊರಬೀಳುತ್ತವೆ. ಕೆಲವು ವರ್ಷ ಎಲ್ಲವೂ ಸಾಯುತ್ತವೆ. ಒಂದು ಕಪ್ಪೆ ನೂರಾರು, ಕೆಲವು ಸಾವಿರಾರು ಮೊಟ್ಟೆ ಇಡುವುದು ಇಂಥ ನಷ್ಟ ಇದ್ದದ್ದೇ ಎಂದು.

ಬದಲು, ನೀರು ಯಾಕೆ ಬೇಗ ಇಳಿಯಿತು ಎಂದು ನೋಡಿ. ಮೇಲುಗಡೆ ಯಾರೋ ಹೊಸ ಚರಂಡಿ ತೋಡಿರಬಹುದು, ರಸ್ತೆ ಎತ್ತರಿಸಿ ಹರಿವು ತಿರುಗಿಸಿರಬಹುದು. ನಿಮ್ಮ ಎರಡನೇ ಹಂತದ ದಿನಚರಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹರಿವು ತಿರುಗಿದ್ದರೆ ಅದನ್ನು ಸರಿಮಾಡಿಸಿ. ಮಳೆಯೇ ಕಡಿಮೆಯಾಗಿದ್ದರೆ ಬಿಟ್ಟುಬಿಡಿ.

ಆಳ ಮಾಡಿಸುವ ಯೋಚನೆಗೂ ಇದೇ ಉತ್ತರ. ಜೆಸಿಬಿಯ ಹಲ್ಲು ಗಟ್ಟಿ ತಳವನ್ನು ಒಡೆದರೆ ನೀರು ಕೆಳಗೆ ಇಂಗಿ, ಹೊಂಡ ಮೊದಲಿಗಿಂತ ಬೇಗ ಒಣಗಬಹುದು. ಒಡೆಯದೆ ವರ್ಷವಿಡೀ ನೀರು ನಿಂತರೆ ಇವತ್ತಲ್ಲ ನಾಳೆ ಮೀನು ಬಂದು ಸೇರುತ್ತದೆ. ಎರಡರಲ್ಲೂ ಸೋಲುವುದು ಕಪ್ಪೆಯೇ.

8. ಕಾಗದದಲ್ಲಿ ಹೊಂಡಕ್ಕೆ ಜಾಗ ಕೊಡಿಸಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಿಮ ಮತ್ತು ಮಳೆ ನೀರಿನಿಂದ ವಸಂತದಲ್ಲಿ ತುಂಬುವ ಇಂಥ ಹೊಂಡಗಳಿಗೆ ವರ್ನಲ್ ಪೂಲ್ ಎನ್ನುತ್ತಾರೆ. ಅಲ್ಲಿ ಸಾಮಾನ್ಯ ಜನರೇ ಮೊಟ್ಟೆಯ ಫೋಟೊ, ನಕ್ಷೆ ಕಳಿಸಿ ಹೊಂಡಕ್ಕೆ ಸರ್ಕಾರಿ ಪ್ರಮಾಣಪತ್ರ ಮಾಡಿಸಬಹುದು. ನಮ್ಮಲ್ಲಿ ಮಳೆಹೊಂಡಕ್ಕೆಂದೇ ಅಂಥ ವ್ಯವಸ್ಥೆ ಇಲ್ಲದಿದ್ದರೂ ಒಂದು ದಾರಿ ಇದೆ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯತ್‌ನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ನೀರಿನ ನೆಲೆಗಳನ್ನು ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕದಲ್ಲಿ ಬರೆದಿಡುವುದು ಅದರ ಕೆಲಸ. ನಿಮ್ಮ ಹೊಂಡವೂ ಅದರಲ್ಲಿ ಸೇರಲಿ.

ಅರ್ಜಿಯಲ್ಲಿ ಸರ್ವೆ ನಂಬರ್, ಮ್ಯಾಪಿನ ಗುರುತು, ಬೇಸಿಗೆಯ ಒಂದು ಮತ್ತು ಮಳೆಗಾಲದ ಒಂದು ಫೋಟೊ, ನೀರು ನಿಂತ ಮತ್ತು ಆರಿದ ತಾರೀಕು, ಕಂಡ ಕಪ್ಪೆಗಳ ಪಟ್ಟಿ ಇರಲಿ. ಕಪ್ಪೆಗೆಲ್ಲ ಅರ್ಜಿ ಯಾಕೆ ಎಂದು ಯಾರಾದರೂ ಕೇಳಿದರೆ, 2023ರಲ್ಲಿ ಬಂದ ಜಾಗತಿಕ ಲೆಕ್ಕ ಹೇಳಿ: ಕಪ್ಪೆ ಸೇರಿದಂತೆ ಉಭಯಚರಗಳ (ನೀರು ಮತ್ತು ನೆಲ ಎರಡರಲ್ಲೂ ಬಾಳುವ ಪ್ರಾಣಿಗಳ) ನೂರು ಜಾತಿಗಳಲ್ಲಿ ಸುಮಾರು 41 ಅಳಿವಿನ ಅಂಚಿನತ್ತ ಇವೆ. ಬೆನ್ನೆಲುಬಿರುವ ಬೇರೆ ಯಾವ ಗುಂಪಿನ ಪ್ರಾಣಿಗಳೂ ಇಷ್ಟು ಅಪಾಯದಲ್ಲಿಲ್ಲ.

ಸಾಧ್ಯವಾದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ. ಜೊತೆಗೆ ಶಾಲೆಯ ಒಬ್ಬ ಮೇಷ್ಟ್ರು ಇದ್ದರೆ ಮಾತಿಗೆ ತೂಕ ಬರುತ್ತದೆ. ನಡಾವಳಿ ಪುಸ್ತಕದಲ್ಲಿ ಬರೆದರಾ ಎಂದು ನೋಡಿ, ಅರ್ಜಿಯ ಪ್ರತಿಯ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಂಡೇ ಮನೆಗೆ ಬನ್ನಿ.